ಕಡಲಿನ ಉಸಿರಿಗೊಂದು ಆಧಾರ

“ಸಮುದ್ರಕ್ಕೂ ದಮ್ಮು ಹತ್ತತೈತೇನ?”

ಅಮಸಿದ್ದ ಯಾರನ್ನೂ ಕೇಳಿರಲಿಲ್ಲ. ಡೊಳ್ಳನ್ನು ಮೊಣಕಾಲಿಗೆ ಆನಿಸಿಕೊಂಡು ಹಗ್ಗ ಬಿಗಿಯುತ್ತಿದ್ದ. ಪಡಸಾಲೆಯಲ್ಲಿ ನಾನೊಬ್ಬನೇ ಇದ್ದೆ, ನಾನು ಉತ್ತರ ಕೊಡುವವನಲ್ಲವೆಂದು ಅವನಿಗೆ ಗೊತ್ತು. ಮೂವತ್ತೆಂಟು ವರ್ಷ ಅವನ ಡೊಳ್ಳಿನ ಮೇಳದಲ್ಲಿ ತಾಳ ಹಿಡಿದು ಹಿಂದೆ ನಿಂತವನು ನಾನು. ಅವನು ಎತ್ತಿಕೊಟ್ಟ ಸೊಲ್ಲನ್ನು ಹಿಂದಿನಿಂದ ಹಾಡುವುದಷ್ಟೇ ನನ್ನ ಕೆಲಸ.

ಪ್ರಶ್ನೆ ಅವನದಲ್ಲ, ಊರಿನದು. ಅವನ ಮಗಳು ಸುನೀತಾ ನಮ್ಮೂರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಚಳಿಗಾಲದಲ್ಲಿ ಶಿಕ್ಷಕರ ತರಬೇತಿಗೆಂದು ಕಾರವಾರಕ್ಕೆ ಹೋಗಿ, ದೋಣಿಯಲ್ಲಿ ಕೂತು, ಸಮುದ್ರದ ಆಳದ ನೀರನ್ನು ಮೇಲೆತ್ತಿ ಅಳೆಯುವುದನ್ನು ನೋಡಿ ಬಂದಿದ್ದಳು. ಫೆಬ್ರುವರಿಯಲ್ಲಿ ಶಾಲೆಯ ವಿಜ್ಞಾನ ದಿನದಂದು ಹಿರಿಯರನ್ನೆಲ್ಲ ಕರೆದು ಅದನ್ನೇ ಹೇಳಿದಳು. ಭೂಮಿ ಬಿಸಿಯಾಗುತ್ತಿದೆ, ಸಮುದ್ರ ಕಾಯುತ್ತಿದೆ, ಕಾದ ನೀರು ಉಸಿರನ್ನು ಕಡಿಮೆ ಹಿಡಿಯುತ್ತದೆ. ಅರವತ್ತು ವರ್ಷಗಳಲ್ಲಿ ಸಮುದ್ರದ ಆಮ್ಲಜನಕ ನೂರಕ್ಕೆ ಎರಡು ಪಾಲು ಕಡಿಮೆಯಾಗಿದೆ ಎಂದಳು.

ಚಾದಂಗಡಿಯ ಸುಭಾಸ ಮುಂದಿನ ಸಾಲಿನಲ್ಲೇ ಕೂತಿದ್ದ. “ನೂರಕ್ಕ ಎರಡು? ನನ್ನ ತಲಿಮ್ಯಾಗಿನ ಕೂದಲ ನೂರಕ್ಕ ತೊಂಬತ್ತು ಹೋಗ್ಯಾವ್ರಿ ಅಕ್ಕೋರ, ನಾ ಏನ್ ಸತ್ತೇನೇನು?”

ಜನ ನಕ್ಕರು. ಸುನೀತಾಳೂ ನಕ್ಕಳು. ಆದರೆ ಅವನು ಬಿಡಲಿಲ್ಲ. “ಗಾಳಿ ಹಗಲೂರಾತ್ರಿ ಸಮುದ್ರದ ಮ್ಯಾಲೇ ಬೀಸತೈತಿ. ಮತ್ತ ಉಸಿರು ಎಲ್ಲಿ ಹೋಗ್ತೈತಿ? ಹಿಂದ ಆಕಾಶಕ್ಕ ತೂತ ಬಿದ್ದೈತಿ ಅಂದ್ರಿ. ಆಮ್ಯಾಲೆ ಎರಡ ಸಾವಿರದ ಹನ್ನೆರಡನೇ ಇಸವಿಗೆ ಜಗತ್ತ ಮುಳಗತೈತಿ ಅಂದ್ರಿ. ಈಗ ಇದು. ಸಿಲಿಂಡರ್ ಕಳಸೂಣೇನು ಸಮುದ್ರಕ್ಕ?”

“ಜಗತ್ತ ಮುಳಗತೈತಿ ಅಂದಾಂವ್ರು ಟಿವಿಯವ್ರು, ನಾವಲ್ಲ,” ಎಂದಳು ಸುನೀತಾ. “ಸುಭಾಸಣ್ಣ, ನೀವು ಚಾಕ್ಕ ನೀರ ಇಡತೀರಲ್ಲ. ಕುದಿಯೂಕಿಂತ ಮೊದಲ ಬುಡದಾಗ ಸಣ್ಣಸಣ್ಣ ಗುಳ್ಳಿ ಏಳತಾವು, ನೋಡೀರಿಲ್ಲೋ? ಅದು ನೀರಾಗಿನ ಗಾಳಿ. ನೀರ ಕಾದಂಗ ಹೊರಗ ಬೀಳತೈತಿ.”

“ನಾ ಚಾ ಮಾಡಾಂವ, ಗುಳ್ಳಿ ಎಣಸಾಂವ ಅಲ್ಲವಾ.”

ಅಂದಿನಿಂದ ಅವಳು ರಸ್ತೆಯಲ್ಲಿ ಹೋದರೆ ಸಾಕು, ಯಾರಾದರೊಬ್ಬರು ಎದೆ ಹಿಡಿದುಕೊಂಡು ಏದುಸಿರು ಬಿಡುವ ಆಟ ಆಡುತ್ತಿದ್ದರು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಂಡವನು ಅಪ್ಪ.

ನಮ್ಮ ಹಾಡಿಕೆಯ ರೀತಿ ಗೊತ್ತಿಲ್ಲದವರಿಗೆ ಇದನ್ನು ಹೇಳಬೇಕು. ಎರಡು ಮೇಳಗಳು ಗುಡಿಯ ಮುಂದೆ ಎದುರುಬದುರು ನಿಲ್ಲುತ್ತವೆ. ಒಂದು ಸವಾಲು ಹಾಕಿದರೆ ಇನ್ನೊಂದು ಜವಾಬು ಕೊಡಬೇಕು. ಜವಾಬಿಗೆ ಆಧಾರ ಬೇಕು. ಯಾವ ಪುರಾಣ, ಯಾವ ಗುರುವಿನ ಪದ, ಎಷ್ಟನೆಯ ನುಡಿ ಎಂದು ಕೇಳಿದರೆ ನಿಂತ ಕಾಲಲ್ಲಿ ಹೇಳಬೇಕು. ಆಧಾರವಿಲ್ಲದ ಮಾತು ಎಷ್ಟು ಚಂದ ಇದ್ದರೂ ಸೋತ ಮಾತೇ. ನಮ್ಮ ಜನ ಸತ್ಯವನ್ನು ತೂಗಲು ಕಲಿತದ್ದು ಈ ತಕ್ಕಡಿಯಲ್ಲಿ.

ಯುಗಾದಿಯ ಮರುದಿನ ಸಿಂದಗಿ ಕಡೆಯ ಕಸ್ತೂರೆವ್ವನ ಮೇಳ ಬಂದಿತ್ತು. ಕಸ್ತೂರೆವ್ವ ನಮ್ಮಿಬ್ಬರಿಗೂ ಪದ ಕಲಿಸಿದ ಮಾಳಿಂಗ ಮುತ್ಯಾನ ಮಗಳು. ಮುತ್ಯಾ ತೀರಿಕೊಂಡು ಆರು ವರ್ಷ. ಆಕೆ ಕೇಳಿದ ಸವಾಲು ಹಳೆಯದೇ: ಕಲಿಯುಗ ಮುಗಿಯುವ ಗುರುತು ಯಾವುದು? ಜವಾಬು ನನಗೆ ಬಾಯಿಪಾಠವಿತ್ತು. ತಾಳ ಎತ್ತಿ ಕಾದೆ. ಅಮಸಿದ್ದ ಡೊಳ್ಳಿಗೊಂದು ಪೆಟ್ಟು ಕೊಟ್ಟು, ನಾನೆಂದೂ ಕೇಳದ ನುಡಿ ಎತ್ತಿದ.

ಸೂರ್ಯನ ಕಾವು ಏರಿತೋ, ಕಡಲು ಕಾದೀತೋ
ಕಾದ ಕಡಲಿನ ಉಸುರು ಮೆಲ್ಲಕ ತೀರೀತೋ
ತಳದ ಮೀನು ಬಾಯಿ ತೆರೆದು ಮೇಲಕ ಬಂದೀತೋ
ಮಾಳಿಂಗ ಮುಂಚೇ ನುಡಿದಾನೋ

ಕೊನೆಗೆ, ಪದ ಅವನದೇ ಎಂಬಂತೆ, ಗುರುವಿನ ಹೆಸರು. ನನ್ನ ಕೈ ಒಂದು ಕ್ಷಣ ತಪ್ಪಿತು. ಮುತ್ಯಾ ಸಾಯುವ ಮೊದಲು ನಮ್ಮಿಬ್ಬರನ್ನೂ ಹಾಸಿಗೆಯ ಬಳಿ ಕೂಡಿಸಿಕೊಂಡು, “ನಂದಲ್ಲದ್ದಕ್ಕ ನನ್ನ ಹೆಸರ ಹಚ್ಚಬ್ಯಾಡ್ರಿ” ಎಂದಿದ್ದ. ಆದರೆ ಸೊಲ್ಲು ಎದ್ದಿತ್ತು, ಡೊಳ್ಳು ನಡೆದಿತ್ತು, ಹಿಮ್ಮೇಳದವನು ಬಾಯಿ ಮುಚ್ಚಿದರೆ ಪದ ಬೀಳುತ್ತದೆ. ಹಾಡಿದೆ. ಮೂರು ಸಲ ಹಾಡಿದೆ. ಮುದುಕಿಯರು ಕೈ ಮುಗಿದರು. ಕಸ್ತೂರೆವ್ವ ನನ್ನ ಮುಖ ನೋಡಿ ಮುಂದಿನ ಸವಾಲು ಎತ್ತಿದಳು.

ಮರುದಿನದಿಂದ ಊರಿನ ಮಾತೇ ಬದಲಾಯಿತು. “ಮುತ್ಯಾ ಹೇಳ್ಯಾನಂದ್ರ ಸುಳ್ಳಿರೂದಿಲ್ಲ ಬಿಡ್ರಿ. ಮಾಸ್ತರತಿ ಪುಸ್ತಕ ಓದಿ ಹೇಳಿದ್ಳು, ಮುತ್ಯಾ ಧ್ಯಾನದಾಗ ಕಂಡಿದ್ದ,” ಎಂದು ಸುಭಾಸನೇ ಗಿರಾಕಿಗಳಿಗೆ ಹೇಳತೊಡಗಿದ.

ಸುನೀತಾ ಅಪ್ಪನ ಮೇಲೆ ಹರಿಹಾಯ್ದಳು. “ಅಪ್ಪಾ, ಇದು ಖರೇ ಅಂತ ನಂಬಬೇಕಾದ್ರ ಅಳದು ನೋಡಿ ನಂಬಬೇಕು. ಕಟ್ಟಿದ ಪದಾ ಕೇಳಿ ನಂಬಿದ್ರ ಅದೇನು ನಂಬಿಗಿ?”

“ನಿನ್ನ ಮಾತಿಗೆ ಆಧಾರ ಇದ್ದಿಲ್ಲವಾ, ಆಧಾರ ಕೊಟ್ಟೇನಿ,” ಎಂದ ಅಮಸಿದ್ದ. “ಮಂದಿ ನಿನ್ನ ನೋಡಿ ನಗತಿದ್ರು. ಈಗ ನಗೂದಿಲ್ಲ.”

ನಿಜವಾಗಿಯೂ ನಗುತ್ತಿರಲಿಲ್ಲ. ನಮ್ಮೂರ ಕೆರೆಯಲ್ಲಿ ಮೀನು ಸಾಕುವ ಮೋದಿನಸಾಬ ತಾನಾಗಿ ಅವಳ ಮನೆಗೆ ಬಂದ. “ಅಕ್ಕೋರ, ಸಮುದ್ರಕ್ಕ ಹಂಗಾದ್ರ ನಮ್ಮ ಕೆರಿ ಗತಿ ಏನ್ರಿ? ಬರ್ರಿ, ಒಮ್ಮೆ ನೋಡ್ರಿ.”

ಏಪ್ರಿಲ್ ತಿಂಗಳೆಲ್ಲ ಅವಳು ಬೆಳಿಗ್ಗೆ ಆರಕ್ಕೆ ಕೆರೆಗೆ ಹೋಗುತ್ತಿದ್ದಳು. ಹೊಲಕ್ಕೆ ಹೋಗುವ ದಾರಿಯಾದ್ದರಿಂದ ನಾನೂ ಎಷ್ಟೋ ದಿನ ಜೊತೆಗಿದ್ದೆ. ಸಣ್ಣ ಗಾಜಿನ ಬಾಟಲಿಯಲ್ಲಿ ನೀರು ತುಂಬಿಕೊಂಡು, ಒಡ್ಡಿನ ಮೇಲೆ ಕೂತು, ಅದರೊಳಗೆ ಎರಡು ಔಷಧಗಳ ಹನಿ ಬಿಡುತ್ತಿದ್ದಳು. ನೀರಿನಲ್ಲಿ ಉಸಿರಿದ್ದರೆ ಒಳಗೆ ಕಂದು ಗಸಿ ನಿಲ್ಲುತ್ತದೆ; ಇಲ್ಲದಿದ್ದರೆ ಬಿಳಿ. ಆಮೇಲೆ ಆ ನೀರನ್ನು ಕೆರೆಗೆ ಚೆಲ್ಲದೆ ಡಬ್ಬಿಯಲ್ಲಿ ಮನೆಗೆ ಒಯ್ಯುತ್ತಿದ್ದಳು. ದಿನದಿನಕ್ಕೆ ಆ ಕಂದು ತೆಳುವಾಗುತ್ತ ಬಂತು.

“ಕೆರಿ ಬ್ಯಾರೆ, ಸಮುದ್ರ ಬ್ಯಾರೆ,” ಎಂದು ಮೋದಿನಸಾಬನಿಗೆ ಒತ್ತಿ ಹೇಳಿದಳು. “ಇಲ್ಲಿ ಮೀನ ಸತ್ರ ಅದು ಸಮುದ್ರಕ್ಕ ಸಾಕ್ಷಿ ಆಗೂದಿಲ್ಲ. ಆದ್ರ ಕಾದ ನೀರಿನ ಗುಣ ಎರಡೂ ಕಡೆ ಒಂದ. ನಿಮ್ಮ ಕೆರಿ ಪಾಚಿ ತುಂಬಿ ಹಸರಗಟ್ಟೈತಿ, ರಾತ್ರಿ ಆ ಪಾಚೀನೂ ಉಸಿರ ಎಳಕೋತೈತಿ. ಮೋಡ ಮುಚ್ಚಿ ಗಾಳಿ ನಿಂತ್ರ ನಸಿಕಿನ್ಯಾಗ ಉಸಿರು ಪೂರಾ ತೀರತೈತಿ. ಅರ್ಧ ಮೀನ ಈಗ ತಗೀರಿ. ಉಳದದ್ದಕ್ಕ ಇಂಜಿನ್ ಹಚ್ಚಿ ನೀರ ಮ್ಯಾಲಕ ಚಿಮ್ಮಿಸ್ರಿ.”

ಮೋದಿನಸಾಬ ಒಪ್ಪಿದ. ಇಂಜಿನ್ ತಂದು ಒಡ್ಡಿನ ಮೇಲೆ ಇಟ್ಟ. ಮೇ ತಿಂಗಳಲ್ಲಿ ಬರುವ ಬಾದಾಮಿ ಅಮಾವಾಸ್ಯೆ ಮುಗಿದ ಮೇಲೆ ಬಲೆ ಹಾಕುವುದೆಂದು ಆಯಿತು.

ಅಮಾವಾಸ್ಯೆಯ ಮಧ್ಯಾಹ್ನ ಗುಡಿಯ ಹಾಡಿಕೆಗೆ ಕಸ್ತೂರೆವ್ವ ಮತ್ತೆ ಬಂದಳು. ಈ ಸಲ ಆಕೆಯ ಬಗಲಲ್ಲಿ ಕೆಂಪು ಬಟ್ಟೆ ಸುತ್ತಿದ ವಹಿ ಇತ್ತು. ತನ್ನ ಅಪ್ಪ ಕೈಯಾರೆ ಬರೆದ ಪದಗಳ ವಹಿ.

“ಅಮಸಿದ್ದಣ್ಣ,” ಎಂದಳು, ಡೊಳ್ಳು ಏಳುವ ಮೊದಲೇ. “ಯುಗಾದಿಗೆ ನಮ್ಮಪ್ಪನ ಹೆಸರ ಹಚ್ಚಿ ಒಂದ ನುಡಿ ಹಾಡಿದೆಲ್ಲ, ಇದರಾಗ ತಗದು ತೋರಸು. ಎರಡ ತಿಂಗಳ ಹುಡುಕೇನಿ, ನನಗ ಸಿಕ್ಕಿಲ್ಲ.”

“ವಹಿಯೊಳಗ ಇರಲಿಕ್ಕಿಲ್ಲ. ಬಾಯಿಪದ ಅದು,” ಎಂದ ಅಮಸಿದ್ದ. ಅವನ ದನಿ ಸಣ್ಣದಾಗಿತ್ತು.

“ಹೌದ, ಅಪ್ಪನ ಬಾಯಿಪದ ಭಾಳ ಇದ್ದವು. ಅವನ್ನೆಲ್ಲಾ ಕೇಳಿ ಇಟಗೊಂಡಾಂವ ಸಂಗಪ್ಪಣ್ಣ ಒಬ್ಬನ.” ಆಕೆ ನನ್ನತ್ತ ತಿರುಗಿದಳು. “ಸಂಗಪ್ಪಣ್ಣ ಹೂಂ ಅನ್ಲಿ. ನಾ ಈಗಿಂದೀಗ ವಹಿಯೊಳಗ ಬರಕೋತೇನಿ.”

ಗುಡಿಯ ಮುಂದಿನ ಅಷ್ಟೂ ಜನ ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ತಾಳ ನೋಡಿದೆ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಷ್ಟೇ ಸಾಕಾಯಿತು. ಅಮಸಿದ್ದ ಕೊರಳಿಂದ ಡೊಳ್ಳು ಇಳಿಸಿ ನೆಲಕ್ಕಿಟ್ಟು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದ.

ಚಾದಂಗಡಿಯಲ್ಲಿ ಅಂದು ಸಂಜೆ ಸುಭಾಸನ ಬಾಯಿಗೆ ಬಿಡುವಿರಲಿಲ್ಲ. “ಮಗಳ ಸುಳ್ಳಿಗೆ ಅಪ್ಪ ಪದಾ ಕಟ್ಟಿದ, ಅಪ್ಪನ ಪದಕ್ಕ ಮಗಳು ಬಾಟ್ಲಿ ಹಿಡದ್ಳು. ಒಂದ ಮನಿಯೊಳಗ ಎರಡ ಕಂಪನಿ! ಮೋದಿನಸಾಬ, ಇಂಜಿನ್ ಏನ ಮಾಡತೀಯೋ? ಕೆರಿಗೆ ಉಸಿರ ಊದತೀಯೇನ?”

ಮೋದಿನಸಾಬ ಕೆಟ್ಟವನಲ್ಲ. ನಗೆಗೆ ಅಂಜುವವನು. ಮರುದಿನ ಇಂಜಿನ್ನನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ತಮ್ಮನ ನಿಂಬೆ ತೋಟಕ್ಕೆ ಒಯ್ದ. ದಾರಿಯಲ್ಲಿ ಸುನೀತಾ ಅಡ್ಡ ನಿಂತಳು. ಬಾಟಲಿ ಎತ್ತಿ ತೋರಿಸಿದಳು. ಒಳಗಿನ ಗಸಿ ಹೆಚ್ಚುಕಡಿಮೆ ಬಿಳಿಯಾಗಿತ್ತು.

“ಕಣ್ಣಿಲೆ ನೋಡ್ರಿ. ಎರಡ ದಿನಾನೂ ತಡಿಯೂದಿಲ್ಲ.”

“ನೋಡೇನ್ರಿ ಅಕ್ಕೋರ. ನಿಮ್ಮಪ್ಪಗ ಗುರುವಿನ ಹೆಸರ ಹಚ್ಚಾಕ ಬರತೈತಿ. ನಿಮಗ ನೀರಿಗೆ ಬಣ್ಣ ಹಚ್ಚಾಕ ಬರೂದಿಲ್ಲೇನು?”

ಮೂರನೆಯ ದಿನ ಮೋಡ ಮುಚ್ಚಿತು. ಎಲೆ ಅಲುಗಲಿಲ್ಲ. ಮರುದಿನ ನಸುಕಿನಲ್ಲಿ ನಾನು ಒಡ್ಡು ಹತ್ತುವಾಗಲೇ ವಾಸನೆ ಬಂತು. ಕಾಟ್ಲಾ, ರೋಹು, ಮೊಳದುದ್ದದವು, ದಂಡೆಯುದ್ದಕ್ಕೂ ಹೊಟ್ಟೆ ಮೇಲೆ ಮಾಡಿಕೊಂಡು ಬಿದ್ದಿದ್ದವು. ಇನ್ನೂ ಜೀವ ಇದ್ದವು ನೀರಿನ ಮೇಲಕ್ಕೆ ಮೂತಿ ಎತ್ತಿ ಬಾಯಿ ತೆರೆದು ಮುಚ್ಚುತ್ತಿದ್ದವು. ಮೋದಿನಸಾಬ ಮೊಣಕಾಲಿನವರೆಗೆ ನೀರಲ್ಲಿ ನಿಂತು, ಒಂದೊಂದನ್ನೇ ಎತ್ತಿ ನೋಡಿ ಬಿಡುತ್ತಿದ್ದ.

ಈಗಲಾದರೂ ನಂಬುತ್ತಾರೆ ಎಂದುಕೊಂಡೆ. ಅಷ್ಟು ವರ್ಷ ಜನರ ನಡುವೆ ಬದುಕಿಯೂ ಹಾಗೆ ಅಂದುಕೊಂಡೆ. ಹೊತ್ತು ಏರುವುದರೊಳಗೆ ಊರು ತೀರ್ಮಾನ ಮಾಡಿತ್ತು: ಆಕಿ ದಿನಾ ಮುಂಜಾನೆ ಒಡ್ಡಿನ ಮ್ಯಾಲೆ ಕೂತು ಔಷಧ ಬಿಡತಿದ್ಳು. ತನ್ನ ಮಾತು ಖರೇ ಮಾಡಾಕ ಮೀನ ಕೊಂದಾಳ. ಅರ್ಜಿ ಬರೆದರು, ಸಹಿ, ಹೆಬ್ಬೆಟ್ಟು ಎಲ್ಲ ಬಿದ್ದವು. ಮರುದಿನ ಹತ್ತು ಗಂಟೆಗೆ ಗುಡಿಯಲ್ಲಿ ಹಿರಿಯರು ಕೂಡುವುದು, ಅವಳು ಬಂದು ಜವಾಬು ಕೊಡುವುದು, ಕೊಡದಿದ್ದರೆ ಅರ್ಜಿ ತಾಲೂಕು ಊರಾದ ಇಂಡಿಗೆ, ಶಿಕ್ಷಣಾಧಿಕಾರಿಯ ಕೈಗೆ ಹೋಗುವುದು.

ಆ ಮಧ್ಯಾಹ್ನ ಸುನೀತಾ ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಾಟಲಿ ಇರಲಿಲ್ಲ. ಚಾಪೆ ಹಾಸಿದೆ, ನೀರು ಕೊಟ್ಟೆ. ಕುಡಿಯದೆ ತಂಬಿಗೆಯನ್ನು ಪಕ್ಕಕ್ಕಿಟ್ಟಳು.

“ಅಪ್ಪ ಮೂರ ದಿನಾ ಆತು, ಗ್ವಾಡಿ ಕಡೆ ಮಾರಿ ಮಾಡಿ ಮಲಗ್ಯಾನ,” ಎಂದಳು. “ಕಾಕಾ, ನಾಳೆ ನೀವು ಬರತೀರಿಲ್ಲೋ?”

“ಬರತೇನಿ. ನೀ ಹನಿ ಬಿಟ್ಟದ್ದು ಬಾಟ್ಲಿಯೊಳಗ, ಕೆರಿಯೊಳಗ ಅಲ್ಲ. ಬಾಜೂಕ ನಿಂತು ನೋಡೇನಿ. ಅದನ್ನ ಎಲ್ಲಾರ ಮುಂದ ಹೇಳತೇನಿ.”

“ಕಣ್ಣಿಲೆ ಕಂಡದ್ದು ಯಾರಿಗೆ ಬೇಕಾಗೈತಿ ಕಾಕಾ?” ಅವಳು ನಕ್ಕಳು. ಆ ನಗು ನೋಡಲಾಗಲಿಲ್ಲ. “ದಿನಾ ಅಳತಿ ಬರದಿಟ್ಟ ನನ್ನ ವಹಿ ತೋರಿಸಿದೆ, ಒಬ್ಬರೂ ಕೈಯಾಗ ತಗೋಳಿಲ್ಲ. ಈ ಮಂದಿಗೆ ಒಂದ ಭಾಷಾ ತಿಳಿತೈತಿ. ಆ ಪದಾ ಮುತ್ಯಾಂದ ಅಂತ ಹೇಳ್ರಿ. ನಿಮಗೊಬ್ಬರಿಗೆ ಹೇಳಿದ್ದ, ಅವತ್ತ ನೆನಪಾಗಲಿಲ್ಲ ಅನ್ರಿ. ಕಸ್ತೂರೆವ್ವ ಬರಕೋತಾಳ. ಪದದಾಗ ಅಂದಂಗ ಮೀನ ಬಾಯಿ ತಗದು ಮ್ಯಾಲೆ ಬಂದಾವಲ್ಲ, ಮಂದಿ ಕೈ ಮುಗದು ಸುಮ್ಮ ಆಗ್ತಾರು.”

ನಾನು ಅವಳನ್ನೇ ನೋಡಿದೆ. ಅಪ್ಪ ಪದ ಕಟ್ಟಿದ್ದಕ್ಕೆ ಮೈಮೇಲೆ ಬಂದವಳಂತೆ ಕೂಗಾಡಿದ್ದ ಹುಡುಗಿ.

“ನೀನ ಬ್ಯಾಡಂದಿದ್ದಿ, ಸುನೀತಾ.”

“ಅಂದಿದ್ದೆ. ಆಗ ನನ್ನ ಹೆಸರ ಇನ್ನೂ ಇತ್ತು. ನಾಳೆ ಹತ್ತಕ್ಕ ಇರೂದಿಲ್ಲ. ಇನ್ನ ಮ್ಯಾಲೆ ಈ ಊರಾಗ ನಾ ಎರಡು ಎರಡು ಕೂಡಿದ್ರ ನಾಕು ಅಂದ್ರೂ ಮಕ್ಕಳು ಖರೇನೋ ಸುಳ್ಳೋ ಅಂತ ಮನಿಯೊಳಗ ಕೇಳಿ ಬರತಾವು. ಮಾತು ಖರೇನ ಐತಿ, ಕಾಕಾ. ಹೆಸರೊಂದ ಸುಳ್ಳು. ಯುಗಾದಿಗೆ ಮೂರ ಸಲ ಹಾಡಿದ ಬಾಯಿ ಅಲ್ಲೇನು ಅದು? ಒಂದ ಸಲ ಹೂಂ ಅನ್ನಾಕ ಏನಾಗೈತಿ?”

ಮುತ್ಯಾನ ಮುನ್ನೂರ ಹನ್ನೊಂದು ಪದ ನನ್ನೊಳಗಿವೆ. ಅಕ್ಷರ ಬಾರದ ನನಗೆ ದೇವರೆಂದರೂ ಅವೇ, ಶಾಲೆಯೆಂದರೂ ಅವೇ. ಯುಗಾದಿಯಂದು ಅವುಗಳ ಪಕ್ಕದಲ್ಲಿ ಒಂದು ಸುಳ್ಳನ್ನು ನಿಲ್ಲಿಸಿದವನೂ ನಾನೇ. ಅವಳ ಖರೇ ಮಾತು ಇವತ್ತು ಬೀದಿಯಲ್ಲಿ ಬಿದ್ದಿರುವುದು ಅದರಿಂದಲೇ.

“ಹೇಳ್ರಿ ಕಾಕಾ,” ಎಂದಳು.

“ಹೇಳೂದಿಲ್ಲ,” ಎಂದೆ.