ಧಕ್ಕೆಯ ಸುಂದರಿ

ಕಾಂತಿ ತಾಯಿಯ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುತ್ತಿದ್ದಾಗ ಅಂಗಳದಲ್ಲಿ ಮಹೇಶ್ವರ ಮಾಸ್ಟ್ರ ದನಿ ಕೇಳಿತು. ಗಂಟು ಬಿಗಿದು ಮುಗಿಸಿಯೇ ಅವಳು ಹೊರಗೆ ಬಂದಳು. ಮಾಸ್ಟ್ರ ಕೈಯಲ್ಲಿ ಸೇವಂತಿಗೆಯ ದಪ್ಪ ಹಾರವಿತ್ತು. ಹಿಂದೆ ನಾಟಕ ಸಮಿತಿಯ ನಾಲ್ಕೈದು ಜನ ಚಪ್ಪಲಿ ಕಳಚಿ ನಿಂತಿದ್ದರು.

“ಧಕ್ಕೆಯೇ ಬರಿದಾದ ಹಾಗಾಯಿತು ಕಾಂತಿ,” ಎಂದರು ಮಾಸ್ಟ್ರು. “ಒಂದು ಮಾತುಂಟು. ಸುಂದರಿಯನ್ನು ಅರ್ಧ ಗಂಟೆ ರಂಗಸ್ಥಳದಲ್ಲಿ ಮಲಗಿಸುವ. ಊರಿನವರು ನೋಡಲಿ. ಇವತ್ತೇ ನಮ್ಮ ನಾಟಕಕ್ಕೆ ಹತ್ತು ವರ್ಷ. ದೇವರೇ ಕೂಡಿಸಿದ ಹಾಗೆ ಆಗಿದೆ.”

“ಬದುಕಿದ್ದಾಗ ಹತ್ತಲು ಬಿಡದ ರಂಗಸ್ಥಳ, ಹೆಣಕ್ಕೆ ಯಾಕೆ ಮಾಸ್ಟ್ರೆ?”

ದೊಡ್ಡಮ್ಮನ ಮಗ ಕುಶಾಲಪ್ಪ ಮಧ್ಯೆ ಬಂದ. ಚಿತೆಗೆ ಬೆಂಕಿ ಕೊಡಬೇಕಾದವನು ಅವನೇ. “ದೊಡ್ಡವರ ಹತ್ತಿರ ಹಾಗೆ ಮಾತಾಡಬೇಡ ಮಾರಾಯ್ತಿ,” ಎಂದು ಹಾರವನ್ನು ಇಸಕೊಂಡ.

“ಹಾಗಾದರೆ ಇವತ್ತು ನಾಟಕ ನಿಲ್ಲಿಸ್ತೀರಾ?” ಕಾಂತಿ ಕೇಳಿದಳು.

ಮಾಸ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಹೇಗಾಗುತ್ತದೆ? ಮಂಗಳೂರಿನಿಂದ ಅತಿಥಿಗಳು ಬರ್ತಾ ಇದ್ದಾರೆ. ಸುರುವಿಗೆ ಎರಡು ನಿಮಿಷ ಮೌನ ಮಾಡ್ತೇವೆ.”

*

ದೋಣಿಗಳು ಬಂಟ್ವಾಳಕ್ಕೆ ಬರುತ್ತಿದ್ದ ಕಾಲದಲ್ಲಿ ಸುಂದರಿ ಹೊಳೆಬದಿಯ ಧಕ್ಕೆಯಲ್ಲಿ, ದೋಣಿ ಕಟ್ಟುವ ಕಟ್ಟೆಯಲ್ಲಿ, ಹೊರೆ ಹೊರುವವಳು. ತಲೆಗೆ ಸಿಂಬೆ ಇಟ್ಟರೆ ಉಪ್ಪಾಗಲಿ, ಒಣಮೀನಾಗಲಿ, ಗಂಡಸರ ಸಮಕ್ಕೆ ಹೊರುತ್ತಿದ್ದಳು. ಎಪ್ಪತ್ತನಾಲ್ಕರ ನೆರೆಯಲ್ಲಿ ದೋಣಿ ಮಗುಚಿ, ಅದನ್ನು ನಡೆಸುತ್ತಿದ್ದ ಮುಸ್ಲಿಂ ಬ್ಯಾರಿ ಯಾಕೂಬ್ ನೇತ್ರಾವತಿಯ ಪಾಲಾಗುವುದರಲ್ಲಿದ್ದ. ಕುತ್ತಿಗೆ ಮಟ್ಟದ ನೀರಿಗಿಳಿದು ಅವನ ತಲೆಗೂದಲು ಹಿಡಿದೆಳೆದವಳು ಅವಳು. ದಡದಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅವನು ಕಣ್ಣು ಬಿಡುವವರೆಗೂ ಬೈಯುತ್ತಲೇ ಕೂತಿದ್ದಳಂತೆ.

ಮರುವರ್ಷ ಮಾಸ್ಟ್ರು ಅದನ್ನೆಲ್ಲ ಸೇರಿಸಿ ‘ನಮ್ಮ ಧಕ್ಕೆ’ ಎಂಬ ನಾಟಕ ಕಟ್ಟಿದರು. ಕೊಂಕಣಿಗಳ ಅಂಗಡಿ, ಬ್ಯಾರಿಗಳ ದೋಣಿ, ಕ್ರಿಸ್ತಾನರ ಬೇಕರಿ, ಎಲ್ಲವೂ ಅದರಲ್ಲಿತ್ತು. ಸುಂದರಿಯಾಗಿ ಸುಂದರಿ, ಯಾಕೂಬನಾಗಿ ಯಾಕೂಬ್. ಅವಳು ಆಡಿದ್ದು ಮಾಸ್ಟ್ರು ಬರೆದ ಮಾತಲ್ಲ, ನೆರೆಯ ದಿನ ಬೈದ ಬೈಗುಳವನ್ನೇ. ಜನ ಮೊದಲು ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಮೂರು ವರ್ಷ ಹಾಗೇ ನಡೆಯಿತು. ನಾಲ್ಕನೆಯ ವರ್ಷ, ಮೂಡಬಿದ್ರೆಯ ಕಡೆಯಿಂದ ಕಾಂತಿಗೆ ಮದುವೆ ಗೊತ್ತಾಗಿದ್ದ ಹುಡುಗನ ಮಾವ ನಾಟಕ ನೋಡಲು ಬಂದ. ಬ್ಯಾರಿಯ ತಲೆಯನ್ನು ಊರೆದುರು ತೊಡೆಯ ಮೇಲಿಟ್ಟುಕೊಂಡವಳ ಮಗಳು ತಮಗೆ ಬೇಡ ಎಂದು ಮರುದಿನವೇ ಹೇಳಿ ಕಳಿಸಿದ. ಮಾತು ಬೆಳೆಯಿತು. ಸಮಿತಿಯಲ್ಲೂ ಕೆಲವರು ಗೊಣಗಿದರು.

ಮಾಸ್ಟ್ರು ಮನೆಗೇ ಬಂದರು. “ಮುಂದಿನ ಸಲ ನಿನ್ನ ಪಾತ್ರ ನೋಣಯ್ಯ ಮಾಡಲಿ ಸುಂದರಿ. ಗಂಡಸು ಸೀರೆ ಉಟ್ಟರೆ ಯಾರಿಗೂ ತೊಂದರೆ ಇಲ್ಲ.”

ಸುಂದರಿ ಮಗಳ ಮುಖ ನೋಡಿದಳು. ಬೀಡಿ ಕಟ್ಟುತ್ತಿದ್ದ ಕಾಂತಿ ಮಡಿಲಲ್ಲಿದ್ದ ಎಲೆಯ ಸೂಪಿನಿಂದ ಕಣ್ಣೆತ್ತಲಿಲ್ಲ.

ಆಮೇಲೆ ಒಂದು ಸಲ ಮಾತ್ರ ಸುಂದರಿ ಬೇಲಿಯ ಹಿಂದೆ ನಿಂತು ನಾಟಕ ನೋಡಿ ಬಂದಳು. ನೋಣಯ್ಯನ ಸುಂದರಿ ಹೊರೆ ಹೊತ್ತು ಜಾರಿ ಬೀಳುತ್ತಿದ್ದಳು, ಸೊಂಟ ಹಿಡಿದು ಕೂಗುತ್ತಿದ್ದಳು. ಜನ ಬಿದ್ದು ಬಿದ್ದು ನಗುತ್ತಿದ್ದರು.

“ಚೆನ್ನಾಗಿ ಮಾಡ್ತಾನೆ,” ಎಂದಳು ಮನೆಗೆ ಬಂದು. “ಆದರೆ ನಾನು ಯಾವತ್ತೂ ಜಾರಿ ಬಿದ್ದದ್ದಿಲ್ಲ.” ಉಣ್ಣದೆ ಮಲಗಿದಳು.

*

ಮನೆಯ ಕೆಳಗೆ ಹೊಳೆಯ ದಂಡೆಯಲ್ಲಿ ಚಿತೆ ಹೊತ್ತಿಕೊಂಡಾಗ ಬಿಸಿಲು ಇಳಿದಿತ್ತು. ಬಂದವರು ಮುಳುಗು ಹಾಕಿ ಒಬ್ಬೊಬ್ಬರೇ ಹೊರಟರು. ನಾಟಕಕ್ಕೆ ಮುಂದಿನ ಸಾಲಿನಲ್ಲಿ ಜಾಗ ಹಿಡಿಯಬೇಕಿತ್ತು. ಕುಶಾಲಪ್ಪ ಬಿದಿರಿನ ಗಳ ಹಿಡಿದು ಬೆಂಕಿಯ ಹತ್ತಿರ ಉಳಿದ. ಅಂಗಳದ ತುದಿಯಲ್ಲಿ ಕಾಂತಿ, ಅವಳಿಂದ ನಾಲ್ಕು ಮಾರು ಆಚೆ ಯಾಕೂಬ್.

“ನೀವು ಯಾಕೆ ಬಿಡಲಿಲ್ಲ ಯಾಕೂಬ್ ಕಾಕ? ಅಮ್ಮನನ್ನು ತೆಗೆದಾಗ ನೀವೂ ಬಿಡಬಹುದಿತ್ತಲ್ಲ?”

“ನಾನೂ ಬಿಟ್ಟರೆ ಅದರಲ್ಲಿ ನಮ್ಮವ ಅಂತ ಯಾರೂ ಉಳಿಯುವುದಿಲ್ಲ ಮಗಾ. ಈಗ ನನ್ನನ್ನು ಚಾಪೆಯ ಮೇಲೆ ಮಲಗಿಸ್ತಾರೆ. ನೋಣಯ್ಯ ದೂರದಿಂದ ನೀರು ಚಿಮುಕಿಸ್ತಾನೆ. ಅಷ್ಟೇ.”

ಆಚೆ ರಂಗಸ್ಥಳದ ಮೈಕಿನಲ್ಲಿ ಮಾಸ್ಟ್ರ ದನಿ ಬಂತು. ಧಕ್ಕೆಯ ಹೆಮ್ಮೆಯ ಮಗಳು ಸುಂದರಿ, ಎಲ್ಲ ಜಾತಿಯವರ ತಾಯಿ ಸುಂದರಿ. ಎರಡು ನಿಮಿಷ ಮೌನ. ಆ ಮೌನದಲ್ಲಿ ಸೌದೆ ಸಿಡಿಯುವುದೊಂದೇ ಕೇಳುತ್ತಿತ್ತು. ಮೌನ ಮುಗಿಯುತ್ತಲೇ ಮೈಕು ಯಾಕೂಬನ ಹೆಸರು ಕರೆಯಿತು, ಎಲ್ಲಿದ್ದರೂ ಕೂಡಲೇ ಬಣ್ಣ ಹಚ್ಚುವ ಚೌಕಿಗೆ ಬರಬೇಕಂತೆ. ಅವನು ಕದಲಲಿಲ್ಲ. ಮತ್ತೆ ಕರೆಯಿತು.

“ಹೋಗಿ,” ಎಂದಳು ಕಾಂತಿ. “ನೀವು ಮಲಗದಿದ್ದರೆ ಅವನು ನೀರು ಚಿಮುಕಿಸುವುದು ಯಾರಿಗೆ?”

ಅವನು ಹೆಗಲ ಬೈರಾಸಿನಿಂದ ಮುಖ ಉಜ್ಜಿಕೊಂಡು, ಟ್ಯೂಬ್‌ಲೈಟುಗಳ ಕಡೆಗೆ ನಡೆದ.

ಸ್ವಲ್ಪ ಹೊತ್ತಿಗೆ ನೋಣಯ್ಯನ ಕೀರಲು ದನಿ ಹೊಳೆಯ ಮೇಲೆ ತೇಲಿ ಬಂತು. ದೊಪ್ಪೆಂದು ಬಿದ್ದ ಸದ್ದು. “ಅಯ್ಯೋ ನನ್ನ ಸೊಂಟ ಹೋಯಿತೋ!” ಊರಿಗೆ ಊರೇ ಹೋ ಎಂದು ನಕ್ಕಿತು.

ಚಿತೆಯ ಪಕ್ಕದಲ್ಲಿ ಕುಶಾಲಪ್ಪನೂ ನಕ್ಕುಬಿಟ್ಟ. ನಗುತ್ತ ತಿರುಗಿದವನಿಗೆ ಅಂಗಳದಲ್ಲಿ ನಿಂತ ಕಾಂತಿ ಕಂಡಳು. ಅವನು ತಟ್ಟನೆ ತಲೆ ತಗ್ಗಿಸಿ, ಜಾರಿದ್ದ ಕೊಳ್ಳಿಯೊಂದನ್ನು ಗಳದಿಂದ ಒಳಕ್ಕೆ ತಳ್ಳತೊಡಗಿದ.