ಒಂದು ಮತ್ತು ಏಳು

ದೋಣಿಗಟ್ಟೆಯ ಮೂಲೆಯಲ್ಲಿ, ಟಿಕೆಟ್ ಕಿಟಕಿಯ ಹಿಂದೆ, ಕಳೆದುಹೋದ ವಸ್ತುಗಳ ಕೋಣೆಯಿದೆ. ಅದರ ಗುಮಾಸ್ತ ನಾನು. ಹೊಳೆಯ ಮೇಲೆ ಮಂಜು ಕವಿದ ಬೆಳಗ್ಗೆ ಕಿಟಕಿಯಲ್ಲಿ ಏನೂ ಕಾಣುವುದಿಲ್ಲ. ದೋಣಿ ಬಂದದ್ದು ಗಂಟೆಯ ಸದ್ದಿನಿಂದಷ್ಟೇ ತಿಳಿಯುತ್ತದೆ. ಸ್ವಲ್ಪ ಹೊತ್ತಿಗೆ ಅಂಬಿಗನೊಬ್ಬ ಬಾಗಿಲು ತಳ್ಳಿ, ಒಂದು ಕೊಡೆಯನ್ನೋ ಒಂಟಿ ಕೈಗವಸನ್ನೋ ಮೇಜಿನ ಮೇಲಿಟ್ಟು, ಮಾತಿಲ್ಲದೆ ಹೋಗುತ್ತಾನೆ. ನಾನು ಅದಕ್ಕೆ ಚೀಟಿ ಕಟ್ಟಿ ಎತ್ತಿಡುತ್ತೇನೆ. ಕೋಣೆ ಮತ್ತೆ ತೂಕಡಿಸುತ್ತದೆ.

ಮೂರು ವರ್ಷದಿಂದ ಈ ತೂಕಡಿಕೆ ನಿದ್ದೆಯೇ ಆಗಿಬಿಟ್ಟಿತ್ತು. ಫೋನ್ ಬಡಿದುಕೊಳ್ಳುತ್ತಲೇ ಇರಲಿಲ್ಲ. ಸಾಮಾನು ಕಳೆದುಕೊಂಡವರು ಇಮೇಲ್ ಬರೆಯುತ್ತಿದ್ದರು. ಕೆಳಗಿನ ನಂಬರಿಗೆ ಫೋನ್ ಮಾಡಿ ಗುರುತು ಹೇಳಿ ಎಂದು ನಾನು ಉತ್ತರ ಹಾಕುತ್ತಿದ್ದೆ. ಕತೆ ಅಲ್ಲಿಗೆ ಮುಗಿಯುತ್ತಿತ್ತು. 'ಫೋನ್ ಮಾಡಿದ್ದೆ, ಇಲ್ಲ ಅಂದ್ರಿ' ಎಂದು ಒಬ್ಬ ಜಗಳಕ್ಕೇ ಬಂದಿದ್ದ. ಬುರುಡೆ ಬಿಡುತ್ತಿದ್ದಾನೆ ಎಂದುಕೊಂಡೆ. ಜನಕ್ಕೆ ಸಾಮಾನಿನ ಮೇಲೆ ಮಮತೆ ಸತ್ತುಹೋಗಿದೆ ಎಂದು ತೀರ್ಮಾನಿಸಿದೆ. ನಿಜ ಹೇಳಬೇಕೆಂದರೆ ನನಗದು ಹಿತವಾಗಿತ್ತು. ಗೂಟಗಳಲ್ಲಿ ಕೋಟುಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ದೋಣಿ ಕಟ್ಟೆಗೆ ಮುಟ್ಟಿದಾಗಲೆಲ್ಲ ನೆಲ ಸಣ್ಣಗೆ ನಡುಗಿ, ಅವೆಲ್ಲ ಒಟ್ಟಿಗೆ ಒಮ್ಮೆ ಉಸಿರೆಳೆದುಕೊಳ್ಳುತ್ತಿದ್ದವು.

ನನ್ನ ಇಮೇಲಿನ ಅಡಿಯಲ್ಲಿ ಹುದ್ದೆ, ವಿಳಾಸ, ಫೋನ್ ನಂಬರ್ ಇರುವ ಸಹಿಯೊಂದಿದೆ. ಅದನ್ನು ಮಾಡಿಕೊಳ್ಳುವಾಗ ಮೇಲ್ವಿಚಾರಕಿ, "ಎಲ್ಲರ ಕಂಪ್ಯೂಟರಲ್ಲೂ ಇರೋ ಸಾದಾ ಫಾಂಟ್ ಹಾಕಿ, ಸಾಕು" ಎಂದಿದ್ದರು. ನನಗೆ ಅಕ್ಷರದ ಹುಚ್ಚು. ಸಾದಾ ಫಾಂಟ್ ಎಂದರೆ ಮೂಗು ಮುರಿಯುವ ಆಸಾಮಿ ನಾನು. ಹುಡುಕಿ ಹುಡುಕಿ ಒಂದು ಬಳುಕು ಫಾಂಟ್ ತಂದೆ. ಅದು ಬೇರೆಯವರ ಕಂಪ್ಯೂಟರಿನಲ್ಲಿ ಇರುವುದಿಲ್ಲ, ಅದರ ಜಾಗದಲ್ಲಿ ಇನ್ನಾವುದೋ ಬಂದು ಕೂರುತ್ತದೆ ಎಂಬುದು ಗೊತ್ತಿತ್ತು. ಅದಕ್ಕೂ ಉಪಾಯ ಮಾಡಿ ಇಡೀ ಸಹಿಯನ್ನೇ ಚಿತ್ರವಾಗಿಸಿ ಅಂಟಿಸಿದೆ. ಅದರ 'ಒಂದು' ಎಂಬ ಅಂಕಿ ತುಸು ಬಾಗಿ, ತಲೆಯಿಂದ ಎಡಕ್ಕೆ ಒಂದು ನೀಳ ಎಳೆ ಚಾಚಿಕೊಂಡಿತ್ತು. ಅದನ್ನೇ ನೋಡುತ್ತ ಕುಳಿತು ಎಷ್ಟೋ ಸಲ ಚಹಾ ಆರಿಸಿಕೊಂಡಿದ್ದೇನೆ.

ಒಂದು ಮಧ್ಯಾಹ್ನ ಹೆಂಗಸೊಬ್ಬರು ಒಳಗೆ ಬಂದರು. ಅರವತ್ತು ದಾಟಿರಬೇಕು. ಕೈಯ ಚರ್ಮ ನೀರಿನಲ್ಲಿ ನೆಂದು ನೆಂದು ಬೆಳ್ಳಗಾಗಿತ್ತು. ಒಂದು ಕೈಯಲ್ಲಿ ಮಡಚಿದ ಹಾಳೆ.

"ಆಚೆ ದಡದಲ್ಲಿ ನಮ್ಮ ಲಾಂಡ್ರಿ ಇದೆ ಸರ್. ನಮ್ಮ ಅಂಗಡೀಲಿ ಕಳೆದ ಬಟ್ಟೆ ಇಲ್ಲಿಗೇನಾದ್ರೂ ಬಂದಿದ್ಯಾ, ನೋಡೋಣ ಅಂತ ಬಂದೆ."

"ಅಂಗಡೀಲಿ ಕಳೆದದ್ದು ಇಲ್ಲಿಗ್ಯಾಕೆ ಬರುತ್ತಮ್ಮ?" ಎಂದೆ, ಕೊಂಚ ಗಡುಸಾಗಿಯೇ. ನಿದ್ದೆ ಕೆಟ್ಟ ಸಿಟ್ಟು ಅದು.

ಆಕೆ ಹಾಳೆ ಬಿಡಿಸಿ ಓದಿದರು. ಬೂದು ಕೋಟು, ಎಡ ಜೇಬು ಹರಿದದ್ದು. ನೀಲಿ ಶಾಲು, ಅಂಚಿನಲ್ಲಿ ಸುಟ್ಟ ಕಲೆ. ಮಗುವಿನ ಹಳದಿ ಸ್ವೆಟರ್, ಒಂದು ಗುಂಡಿ ಬೇರೆ ಬಣ್ಣದ್ದು.

ಮೂರೂ ನನ್ನ ಬೆನ್ನ ಹಿಂದೆಯೇ ಇದ್ದವು. ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟೆ. ಆಕೆಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಆದರೆ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ನಾನೇ ದೋಣಿ ಹತ್ತಿ ತಂದು ಬಿಟ್ಟುಹೋಗಿದೀನಾ? ನನಗೇ ಗೊತ್ತಿಲ್ದೆ?"

ಕುರ್ಚಿ ಎಳೆದು ಕೂರಿಸಿದೆ. ಆಕೆ ಹೇಳಿದ್ದು ಇಷ್ಟು. ಮೂವತ್ತೈದು ವರ್ಷ ಕೌಂಟರಿನಲ್ಲಿ ನಿಂತವರು. ಚೀಟಿ, ನಂಬರು ಒಂದೂ ಇಲ್ಲ. ಬಾಗಿಲಲ್ಲಿ ಮುಖ ಕಂಡರೆ ಸಾಕು, ಕೈ ಅವರ ಬಟ್ಟೆಗೇ ಹೋಗುತ್ತಿತ್ತು. ಮೂರು ವರ್ಷದ ಹಿಂದೆ ಫೋನುಗಳು ಶುರುವಾದವು. ನನ್ನ ಕೋಟು ಇದೆಯಾ, ನನ್ನ ಶಾಲು ಬಂತಾ ಎಂದು ಕೇಳುವವರು. ಇವರು ಹುಡುಕುತ್ತಿದ್ದರು, ಸಿಗುತ್ತಿರಲಿಲ್ಲ.

"ದೋಣೀಲಿ ಬಿಟ್ಟಿದ್ದೆ ಅಂತಾರೆ ಸರ್. ಬಟ್ಟೆ ನೆನೆಸೋ ಕಲ್ಲಿನ ತೊಟ್ಟಿಗೆ ನಾವು ದೋಣಿ ಅಂತೀವಿ. ಮೊಣಕೈವರೆಗೂ ಕೈ ಮುಳುಗಿಸಿ ತಡಕಾಡ್ತೀನಿ. ಬರೀ ನೀರು." ಹಾಳೆಯನ್ನು ಮತ್ತೆ ಮಡಚುತ್ತ ಮುಂದುವರಿಸಿದರು. "ಮಗಳು ಕೌಂಟರ್ ತಾನೇ ನೋಡ್ಕೋತಿದಾಳೆ. ನನ್ನನ್ನ ಒಳಗೆ ಇಸ್ತ್ರಿಗೆ ಕೂರಿಸಿದಾಳೆ. ಸೋಮವಾರ ಮರೆವಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳಂತೆ. ಅವಳದೇನೂ ತಪ್ಪಿಲ್ಲ. ನನಗೇ ನನ್ನ ಮೇಲೆ ನಂಬಿಕೆ ಇಲ್ಲ ಈಗ."

"ಅವರಿಗೆ ನಿಮ್ಮ ನಂಬರ್ ಕೊಟ್ಟಿದ್ಯಾರು?"

"ಅದನ್ನೇ ಕೇಳಿದ್ದಕ್ಕೆ ಒಬ್ಬರು ಕಳಿಸಿದಾರೆ ನೋಡಿ," ಎಂದು ಆಕೆ ಫೋನ್ ಚಾಚಿದರು.

ಅದು ನನ್ನದೇ ಇಮೇಲು. ಕೆಳಗೆ ನನ್ನದೇ ಸಹಿ, ಹೆಬ್ಬೆರಳಿನ ಅಗಲಕ್ಕೆ ಕುಗ್ಗಿದ್ದು. ಕೋಣೆಯ ನಂಬರಿನ ಕೊನೆಯ ಅಂಕಿ ಒಂದು. ಅದನ್ನು ಬಾಯಿಪಾಠ ಬಲ್ಲ ನಾನೇ ಅಲ್ಲಿ ಏಳು ಎಂದು ಓದಿದೆ. ಕಣ್ಣುಜ್ಜಿ ಮತ್ತೆ ನೋಡಿದೆ. ಏಳೇ. ಲಾಂಡ್ರಿಯ ನಂಬರ್ ಏನೆಂದು ಕೇಳುವ ಅಗತ್ಯವೂ ಉಳಿಯಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಮ್ಮ, ನಿಮ್ಮ ಅಂಗಡೀಲಿ ಏನೂ ಕಳೆದಿಲ್ಲ," ಎಂದೆ. "ಒಂದು ಗುಂಡೀನೂ ಕಳೆದಿಲ್ಲ. ಇವೆಲ್ಲ ಹೊಳೆ ದಾಟೋ ದೋಣೀಲಿ ಬಿಟ್ಟುಹೋದವು. ನನ್ನ ಅಕ್ಷರದ ಶೋಕಿಗೆ ನೀವು ಬಲಿಯಾದ್ರಿ."

ಆಕೆ ನಂಬಲಿಲ್ಲ. ಬಾಯಿಮಾತಿಗೆ ನಂಬುವ ಸ್ಥಿತಿಯಲ್ಲೂ ಇರಲಿಲ್ಲ. ಹಾಗಾಗಿ ಪಕ್ಕದಲ್ಲೇ ಕೂರಿಸಿಕೊಂಡು ಹೊಸ ಸಹಿ ಮಾಡತೊಡಗಿದೆ. ಈ ಸಲ ಚಿತ್ರವಿಲ್ಲ, ಬರೀ ಅಕ್ಷರ. ಎಲ್ಲರ ಯಂತ್ರದಲ್ಲೂ ಮೊದಲಿಂದಲೇ ಇರುವ ಫಾಂಟುಗಳು ಮಾತ್ರ. ಒಂದೊಂದನ್ನೂ ಆಕೆಯ ಫೋನಿಗೆ ಕಳಿಸಿ, ಓದಿ ಎಂದೆ. ಜಾರ್ಜಿಯಾ ಎಂಬ ಫಾಂಟಿನ ಅಂಕಿಗಳು ಒಂದು ಗೆರೆಯಲ್ಲಿ ನಿಲ್ಲದೆ ಮೇಲೆ ಕೆಳಗೆ ತೂಗಾಡುತ್ತವೆ. ಆಕೆ ಕಣ್ಣು ಕಿರಿದು ಮಾಡಿ, "ಒಂದು ಇರಬೇಕು" ಎಂದರು. ಇರಬೇಕು ಎಂದರೆ ಸಾಲದು. ಏರಿಯಲ್ ಕಳಿಸಿದೆ. "ಒಂದು… ಹೂಂ, ಒಂದು." ಆಮೇಲೆ ವರ್ಡಾನಾ. ನಾನು ಸದಾ ಗೇಲಿ ಮಾಡುತ್ತಿದ್ದ, ಅಗಲ ಮೈಯ, ಅರ್ಜಿ ನಮೂನೆಯ ಮುಖದ ಫಾಂಟು. ಅದರ 'ಒಂದು' ಕಾಲಡಿಗೆ ಮಣೆ ಹಾಕಿಕೊಂಡು ನೆಟ್ಟಗೆ ನಿಲ್ಲುತ್ತದೆ.

"ಒಂದು," ಎಂದರು ಆಕೆ, ತಡವರಿಸದೆ. ಮತ್ತೆ ಹಳೆಯ ಸಹಿ ತೆರೆದು ನೋಡಿದರು. ಹೊಸದನ್ನು ನೋಡಿದರು. ಹೀಗೆ ನಾಲ್ಕೈದು ಸಲ. ಆಮೇಲೆ ಮೇಜಿನ ಮೇಲಿದ್ದ ಹಳದಿ ಸ್ವೆಟರನ್ನು ಎಳೆದುಕೊಂಡು ಅದರ ತೋಳುಗಳನ್ನು ಒಳಕ್ಕೆ ಮಡಚತೊಡಗಿದರು. ಅಳುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಕೋಣೆಗೆ ಬೀಗ ಹಾಕಿ ಆಕೆಯ ಜೊತೆ ದೋಣಿ ಹತ್ತಿದೆ. ಇಳಿಬಿಸಿಲು ನೀರಿನ ಮೇಲೆಲ್ಲ ಹರಡಿತ್ತು; ಯಾವ ದಡ ಹತ್ತಿರ, ಯಾವುದು ದೂರ ಎಂದು ತಿಳಿಯುತ್ತಿರಲಿಲ್ಲ. ಮಗಳೆದುರು ಹೇಗೆ ಬಾಯಿ ತೆರೆಯುವುದೆಂದು ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ.

ಲಾಂಡ್ರಿಯ ತುಂಬ ಬೆಚ್ಚನೆಯ ಹಬೆ. ಬಿಳಿ ಅಂಗಿಗಳು ತಂತಿಯ ಮೇಲೆ ತಲೆಯೆತ್ತರದಲ್ಲಿ ತೇಲುತ್ತಿದ್ದವು. ತಾಯಿ ನೇರ ಒಳಗೆ ಹೋಗಿ, ಇಸ್ತ್ರಿ ಮೇಜಿನ ಹಿಂದಿನ ಸ್ಟೂಲಿನಲ್ಲಿ ಕುಳಿತುಬಿಟ್ಟರು. ಮಗಳು ಕೌಂಟರಿನಲ್ಲಿದ್ದಳು, ಮುಂದೆ ಮೂವರು ಗಿರಾಕಿಗಳು, ಕೈಯಲ್ಲಿ ಒದ್ದೆಯಾದ ಚೀಟಿಗಳು. ಜೋಡಿಸಿದ್ದ ವಾಕ್ಯ ಒಂದೂ ನೆನಪಾಗಲಿಲ್ಲ. "ತಪ್ಪು ನಂದಮ್ಮ, ನಿಮ್ಮ ತಾಯೀದಲ್ಲ," ಎಂದು ಶುರುಮಾಡಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಹಳೆಯ ಸಹಿ, ಹೊಸ ಸಹಿ ಎರಡನ್ನೂ ಫೋನಿನಲ್ಲಿ ತೆರೆದು ಮುಂದೆ ಹಿಡಿದೆ.

ಅವಳು ತುಂಬ ಹೊತ್ತು ಫೋನ್ ನೋಡಿದಳು. ನನ್ನನ್ನು ಬೈಯುತ್ತಾಳೆಂದು ಕಾದೆ. ಅವಳು ನನ್ನ ಕಡೆ ತಿರುಗಲೇ ಇಲ್ಲ. ತೂಗುವ ಅಂಗಿಗಳನ್ನು ಸರಿಸಿಕೊಂಡು ಒಳಗೆ ಹೋಗಿ ಸ್ಟೂಲಿನ ಮುಂದೆ ನಿಂತಳು.

"ಏಳಮ್ಮ," ಎಂದಳು.

ತಾಯಿ ತಲೆ ಎತ್ತದೆ ಹೇಳಿದರು: "ಏಳಲ್ಲ ಕಣೇ. ಸರಿಯಾಗಿ ನೋಡು. ಅದು ಒಂದು."

"ಅಂಕಿ ಅಲ್ಲಮ್ಮ. ನೀನು ಏಳು. ಕೌಂಟರಲ್ಲಿ ಜನ ಕಾಯ್ತಿದಾರೆ."