ಎರಡನೇ ಎಂಟರ್

ಬೈಕುಲ್ಲಾದಲ್ಲಿದ್ದ ಔಷಧ ಕಂಪನಿಯ ಹೆಡ್ಡಾಫೀಸಿನ ಯುನಿಕ್ಸ್ ಕಂಪ್ಯೂಟರ್ ಮೈಸೂರಿನ ಜಯಸಿಂಹನ ಸುಪರ್ದಿಯಲ್ಲಿತ್ತು. ವಡಾಲದ ಔಷಧ ಗೋದಾಮಿನ ಯಂತ್ರ ಧಾರವಾಡದ ಚಂದ್ರವ್ವನದು. ದಿನಾ ಬೆಳಿಗ್ಗೆ ಆರಕ್ಕೆ ಬೈಕುಲ್ಲಾದ ಯಂತ್ರ ತಾನಾಗಿಯೇ ವಡಾಲಕ್ಕೆ ಒಂದು ಕಮಾಂಡ್ ಕಳಿಸಿ, ಆಸ್ಪತ್ರೆಗಳಿಗೆ ಹೋಗಬೇಕಾದ ಔಷಧಗಳ ಪಟ್ಟಿ ತರಿಸಿಕೊಳ್ಳುತ್ತಿತ್ತು. ೧೯೯೧ರ ಜೂನಿನಲ್ಲಿ ಒಂಬತ್ತು ದಿನ ಪಟ್ಟಿ ಬರಲಿಲ್ಲ. ಕಮಾಂಡ್ ಹೋಗಿ ಸುಮ್ಮನೆ ನಿಂತುಬಿಡುತ್ತಿತ್ತು. ಒಂಬತ್ತೂವರೆಗೆ ಜಯಸಿಂಹ ಬಂದು ಅದನ್ನೇ ಕೈಯಾರೆ ಕೊಟ್ಟರೆ ಸಲೀಸಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಲಾರಿಗಳು ಹೊರಡುವುದು ತಡವಾಗಿ, ಒಂದು ದಿನ ಇನ್ಸುಲಿನ್ ಡಬ್ಬಿಗಳ ಐಸೇ ಕರಗಿಹೋಯಿತು.

ಜಯಸಿಂಹ ಎಲ್ಲರೆದುರು ತಪ್ಪನ್ನು ವಡಾಲದ ಮೇಲೆ ಹೊರಿಸಿದ. ಚಂದ್ರವ್ವನ ಮಾತಿನ ಧಾಟಿಯನ್ನು ಅಣಕಿಸಿ ನಗಿಸಿದ. ಅವಳನ್ನು ಅಲ್ಲಿಂದ ತೆಗೆಯಿರಿ ಎಂದು ಮ್ಯಾನೇಜರ್ ಹಿರಿಯಣ್ಣನವರ ಕಿವಿಗೂ ಹಾಕಿದ.

ಚಂದ್ರವ್ವ ಬೊರಿವಲಿಯಿಂದ ಮೊದಲ ಲೋಕಲ್ ರೈಲು ಹಿಡಿದು ಆರಕ್ಕೆ ಮುಂಚೆಯೇ ಗೋದಾಮಿಗೆ ಬಂದು ಕಾದಳು. ಕಮಾಂಡ್ ಬಂದಿತ್ತು. ಲೈನೂ ಸರಿಯಿತ್ತು, ಡಿಸ್ಕೂ ಸರಿಯಿತ್ತು. ಆದರೂ ಅದು ಏನನ್ನೋ ಕಾಯುತ್ತ ಕೂತಿತ್ತು. ಅದು ಓಡುತ್ತಿದ್ದುದು ವಡಾಲದ ಯಂತ್ರದಲ್ಲಿ ಜಯಸಿಂಹ ಇಟ್ಟುಕೊಂಡಿದ್ದ ಖಾತೆಯಲ್ಲಿ. ಅದರ ಫೈಲುಗಳನ್ನು ತೆರೆಯಲು ಅವನು ಅವಳಿಗೆ ಅನುಮತಿಯನ್ನೇ ಕೊಟ್ಟಿರಲಿಲ್ಲ. ಅವಳು ನೇರ ಬೈಕುಲ್ಲಾಕ್ಕೆ ಹೋಗಿ, ಹಿರಿಯಣ್ಣನವರನ್ನೂ ಕರೆದುಕೊಂಡು ಅವನ ಬೆನ್ನ ಹಿಂದೆ ನಿಂತಳು.

ಜಯಸಿಂಹ ಕುರ್ಚಿ ಬಿಡಲಿಲ್ಲ. ಟಪಟಪನೆ ಟೈಪಿಸಿದ, ಪಟ್ಟಿ ಬಂತು. ಚಂದ್ರವ್ವ ಪರದೆಯನ್ನು ನೋಡಿರಲಿಲ್ಲ, ಅವನ ಬೆರಳುಗಳನ್ನು ನೋಡಿದ್ದಳು.

"ಇನ್ನೊಮ್ಮೆ ಮಾಡ್ರಿ ಸರ್. ಈ ಸರ್ತಿ ಎಂಟರ್ ಒಂದ ಸಲ ಒತ್ತಿ ಕೈ ತಗೀರಿ."

"ನನಗೆ ಟೈಪಿಂಗ್ ಕಲಿಸೋಕೆ ಬಂದಿದ್ದೀರಾ?"

ಹಿರಿಯಣ್ಣನವರು ಹೇಳಿದಷ್ಟು ಮಾಡಪ್ಪ ಎಂದರು. ಅವನು ಒಮ್ಮೆ ಒತ್ತಿ ಕೈ ಕಟ್ಟಿಕೊಂಡ. ಪರದೆಯ ಮೇಲೆ ಒಂದೇ ಸಾಲು ಮೂಡಿತು: ಯಾವ ಟರ್ಮಿನಲ್? ಐದು ನಿಮಿಷವಾದರೂ ಮುಂದೇನೂ ಬರಲಿಲ್ಲ.

ವಡಾಲದ ತನ್ನ ಖಾತೆಗೆ ಯಾರೇ ಬಂದರೂ, ಅವರು ಕೂತಿರುವ ಪರದೆ ಯಾವ ಬಗೆಯದೆಂದು ಹಾಗೆ ಕೇಳುವಂತೆ ಹತ್ತು ದಿನದ ಹಿಂದೆ ಬರೆದವನು ಅವನೇ. ಬರೀ ಎಂಟರ್ ಒತ್ತಿದರೆ ಎಂದಿನದೇ ಎಂದರ್ಥ; ರೂಢಿಯಿಂದ ಅವನ ಬೆರಳು ಇನ್ನೊಮ್ಮೆ ಎಂಟರ್ ಒತ್ತಿ ಆ ಉತ್ತರ ಕೊಟ್ಟುಬಿಡುತ್ತಿತ್ತು. ಬೆಳಿಗ್ಗೆ ಆರಕ್ಕೆ ಉತ್ತರ ಕೊಡಲು ಅಲ್ಲಿ ಯಾರಿದ್ದರು?

"ಪ್ರಶ್ನೆ ನಿಮ್ದು, ಬೈಗುಳ ನಂಗ," ಎಂದಳು ಚಂದ್ರವ್ವ.

ಜಯಸಿಂಹ ಮುಖ ತಿರುಗಿಸದೆಯೇ ಫೈಲು ತೆರೆದು, ಆ ಪ್ರಶ್ನೆ ಕೇಳಿಸುವ ಸಾಲು ಅಳಿಸಿದ. ಇದನ್ನು ಮೊದಲ ದಿನವೇ ಹೇಳಬೇಕಿತ್ತು ಎಂದು ಅವಳನ್ನೇ ಗದರಿದ. ಹಿರಿಯಣ್ಣನವರು ಕೆಮ್ಮಿ, ಇಬ್ಬರೂ ಹೊಂದಿಕೊಂಡು ಹೋಗಿ ಎಂದು ತಮ್ಮ ಕೋಣೆಗೆ ನಡೆದರು. ಗೆದ್ದೆನೆಂಬ ಸಮಾಧಾನವೂ ಅವಳಿಗಾಗಲಿಲ್ಲ. ಸಿಟ್ಟಿನಲ್ಲೇ ಧಡಧಡನೆ ಮೆಟ್ಟಿಲಿಳಿದು ವಡಾಲದ ದಾರಿ ಹಿಡಿದಳು.

ಮಾರನೇ ದಿನ ಆರಕ್ಕೆ ಸರಿಯಾಗಿ ಪಟ್ಟಿ ಹೋಯಿತು. ಬಂತೆಂದು ಬೈಕುಲ್ಲಾದಿಂದ ಯಾರೂ ಫೋನ್ ಮಾಡಲಿಲ್ಲ. ಅವಳೂ ಕೇಳಲಿಲ್ಲ.